ಹಗುರ ವಾಹನಕ್ಕೆ ಮಾತ್ರ

ಹೈಮಾದಲ್ಲಿ ಪೆಟ್ರೋಲು ಬಂಕು, ಎರಡು ಹೋಟೆಲು, ಮಸೀದಿ,
ಅದರಾಚೆ ನಮ್ಮ ತಗಡಿನ ಶೆಡ್ಡು.
ಉತ್ತರಕ್ಕೂ ದಕ್ಷಿಣಕ್ಕೂ ಒಂದೇ ರಸ್ತೆ,
ಯಾರೋ ಗೆರೆ ಎಳೆದು ಮರೆತು ಹೋದ ಹಾಗೆ.

ಮೊದಲ ದಿನ ಮುರಾದ್ ಬಲೂಷಿ
ಗಾಡಿಯ ಬಾನೆಟ್ಟನ್ನೇ ಎತ್ತಲಿಲ್ಲ.
ರಸ್ತೆಯಂಚಿಗೆ ಕರೆದೊಯ್ದು ನಿಲ್ಲಿಸಿ ಕೇಳಿದ:
"ಬೆನ್ನು ಯಾವ ಕಡೆ?"
ನನಗೆ ಪ್ರಶ್ನೆಯೇ ತಿಳಿಯಲಿಲ್ಲ.
ಹಿಂದಿನಿಂದ ಬಂದ ಲಾರಿ ಅಂಗಿ ಹಾರಿಸಿಕೊಂಡು ಹೋಯಿತು.
"ಸತ್ತೆ" ಅಂದ. ಪುಸ್ತಕದಲ್ಲಿ ಗುರುತು ಹಾಕಿದ.
ಆ ವಾರ ನಾನು ಏಳು ಸಲ ಸತ್ತೆ.

ಬ್ಯಾಟರಿ ಸತ್ತವರಿಗೆ ಒಂದು ಪಾಠ:
ಕೆಂಪು ಮೊದಲು, ಕಪ್ಪು ಕೊನೆಗೆ, ಅದೂ ಬರೀ ಕಬ್ಬಿಣಕ್ಕೆ.
ಟಯರು ಒಡೆದವರಿಗೆ ಇನ್ನೊಂದು:
ಜಾಕಿನಡಿ ಹಲಗೆ ಇಡು, ಇಲ್ಲವೋ ಮರಳು ಜಾಕನ್ನೂ ನುಂಗುತ್ತದೆ.
ಕರೆಂಟಿನ ಕಾರಿಗೆ ಬೇರೆಯೇ ಕೈಗವಸು,
ಕಿತ್ತಳೆ ಬಣ್ಣದ ವೈರು ಕಂಡರೆ ಕೈ ಕಟ್ಟಿಕೊಂಡು ನಿಲ್ಲು.
ಖರೀಫಿನಲ್ಲಿ ಸಲಾಲಾದ ಮಂಜು ನೋಡಹೊರಟ ಸಂಸಾರಕ್ಕೆ
ನೀರು ಮೊದಲು, ಪ್ರಶ್ನೆ ಆಮೇಲೆ.
ಮಕ್ಕಳನ್ನು ಬಲಬಾಗಿಲಿಂದ ಇಳಿಸು,
ಊರಿನ ರೂಢಿ ಬಿಡು, ಇಲ್ಲಿ ಬಲವೇ ದಡ.

ವಿಂಚಿನ ದಿನ ಮಾತ್ರ ನನಗೆ ನಗು ಬಂತು.
ಗಂಗೊಳ್ಳಿ ದಕ್ಕೆಯಲ್ಲಿ ಬೆಳೆದವನಿಗೆ ಹಗ್ಗದ ಪಾಠವೇ?
ಹೂತ ಲ್ಯಾಂಡ್ ಕ್ರೂಸರಿಗೆ
ದೋಣಿ ಎಳೆಯುವಾಗ ಬಿಗಿಯುವ ಗಂಟನ್ನೇ ಬಿಗಿದೆ.
ಮುರಾದ್ ಗಂಟು ನೋಡಿದ, ಮೆಚ್ಚಿದ, ಬಿಚ್ಚಿದ.
ಎಡಗೈ ಎತ್ತಿ ಹಿಡಿದ. ಮೂರೇ ಬೆರಳು.
"ನಿನ್ನ ಹಗ್ಗ ಹರಿದರೆ ಬೀಳುತ್ತದೆ.
ಈ ತಂತಿ ಹರಿದರೆ ಹುಡುಕಿಕೊಂಡು ಬರುತ್ತದೆ."
ಅಂದಿನಿಂದ ತಂತಿಯ ಮೇಲೆ ಹಳೇ ಕಂಬಳಿ ಹೊದಿಸುತ್ತೇನೆ,
ಬಿಗಿದಾಗ ದಾಟುವುದಿಲ್ಲ.

ಹದಿನೆಂಟನೇ ದಿನ ಕಾರ್ಡು ಬಂತು.
ಅರಬಿ ಅಕ್ಷರದಲ್ಲಿ ದುರ್ಗಯ್ಯ ಹೋಗಿ ದುರ್ಕಯ್ಯ.
ಕೆಳಗೆ ಸಣ್ಣದಾಗಿ: ಹಗುರ ವಾಹನಕ್ಕೆ ಮಾತ್ರ.
ಭಾರದ್ದಕ್ಕೆ ಇನ್ನೆರಡು ವರ್ಷ, ಇನ್ನೊಂದು ಪರೀಕ್ಷೆ.

ಒಬ್ಬನೇ ಹೋದ ಮೊದಲ ರಾತ್ರಿ,
ದಕ್ಷಿಣಕ್ಕೆ ಅರವತ್ತು ಕಿಲೋಮೀಟರು.
ಯಾವ ಗಾಡಿ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.
ಹೋಗಿ ನೋಡಿದರೆ ನೀರಿನ ಟ್ಯಾಂಕರು,
ಮಗ್ಗುಲಾಗಿ ಮಲಗಿ ಮೆಲ್ಲಗೆ ಸೋರುತ್ತಿದೆ.
ಒಳಗೆ ಸ್ವಾತಿನ ಶೇರ್‌ಜಮೀನ್,
ಪೆಡಲಿನಡಿ ಸಿಕ್ಕ ಕಾಲು.
ಅದರ ಮುಂದೆ ನನ್ನ ವಿಂಚು ಬರೀ ಗಾಳದ ದಾರ.
ಆದರೂ ಕೈ ತಂತಿಗೆ ಹೋಗಿತ್ತು.
ಎಳೆದರೆ ಉರುಳುತ್ತದೆ. ಉರುಳಿದರೆ ಕಾಲು ಹೋಗುತ್ತದೆ.
ಕೈಯನ್ನು ಕರೆದು ಜೇಬಿಗೆ ಹಾಕಿಕೊಂಡೆ.
ದೊಡ್ಡ ಕ್ರೇನು ನಿಜ್ವಾದಿಂದ ಬರಬೇಕು, ನಾಲ್ಕು ಗಂಟೆ.

ಅಷ್ಟರಲ್ಲಿ ಒಂಟೆಗಳು ಬಂದವು.
ಎಲ್ಲಿದ್ದವೋ, ಹೇಗೆ ತಿಳಿಯಿತೋ,
ರಸ್ತೆಯ ಮೇಲೆ ನಿಂತ ನೀರಿಗೆ
ಒಂದೊಂದೇ ಕತ್ತು ಬಾಗಿತು.
ದೂರದಲ್ಲಿ ಲಾರಿಯ ಎರಡು ದೀಪ.
ಇನ್ನೂರು ಹೆಜ್ಜೆ ಓಡಿ ಕೋನು ಇಟ್ಟೆ, ಲಾಂದ್ರ ಬೀಸಿದೆ.
ಸಲಿಕೆ ಹಿಡಿದು ಅಂಚಿನಲ್ಲಿ ಕಾಲುವೆ ತೋಡಿ
ನೀರನ್ನು ಮರಳಿಗೆ ಇಳಿಸಿದೆ,
ನೀರಿನ ಹಿಂದೆ ಒಂಟೆಗಳೂ ಇಳಿದವು.
ಇದು ಯಾವ ಪಾಠದಲ್ಲೂ ಇರಲಿಲ್ಲ.

"ನೀರೆಷ್ಟು ಉಳಿದಿದೆ ಭಾಯಿ?" ಒಳಗಿಂದ ದನಿ.
"ಅರ್ಧ" ಅಂದೆ. ಸುಳ್ಳು.
"ಉಳಿದರ್ಧ?"
"ಒಂಟೆ ಕುಡಿದವು."
ಬಹಳ ಹೊತ್ತು ಏನೂ ಕೇಳಿಸಲಿಲ್ಲ,
ಆಮೇಲೆ ಆ ಕಬ್ಬಿಣದೊಳಗೆ ಮನುಷ್ಯ ನಕ್ಕ.
ನಗು ನಿಂತಾಗಲೆಲ್ಲ ಹೆಸರು ಹಿಡಿದು ಕರೆದೆ,
ಕ್ರೇನಿನ ಹಳದಿ ದೀಪ ಕಾಣುವವರೆಗೆ.

ಬೆಳಿಗ್ಗೆ ಪುಸ್ತಕದಲ್ಲಿ "ಮಾಡಿದ ಕೆಲಸ" ಎಂಬ ಕಾಲಮ್ಮು.
ವಿಂಚು ಇಲ್ಲ. ಜಾಕು ಇಲ್ಲ. ಎಳೆದದ್ದು ಇಲ್ಲ.
ಬರೆದೆ: ನಿಂತಿದ್ದೆ.
ಮುರಾದ್ ಓದಿದ.
"ಬೆನ್ನು?"
ಮರುಭೂಮಿಯ ಕಡೆ ಕೈ ತೋರಿಸಿದೆ.
ಮೂರು ಬೆರಳಲ್ಲಿ ಚಹಾದ ಲೋಟ ಹಿಡಿದೇ
ಅವನು ಮತ್ತೊಂದು ಫೋನು ಎತ್ತಿದ.